ಪ್ಯಾಡಕ್‌ನಲ್ಲಿ ಸಿಕ್ಕ ಅಣ್ಣನಿಗೆ

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ನ ಪ್ಯಾಡಕ್‌ನಲ್ಲಿ (ಕಾರು ನಿಲ್ಲಿಸಿ ಸರಿಮಾಡೋ ಜಾಗ) ನನ್ನ ಟರ್ಬೊ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ ಅಣ್ಣಾ, ಹೆಸರೂ ಹೇಳದೆ ಹೊರಟುಬಿಟ್ಟಿರಿ. ಥ್ಯಾಂಕ್ಸ್ ಇಲ್ಲೇ ಹೇಳ್ತೀನಿ.

ದೊಡ್ಡ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗೋ ಪೈಪು) ಹಾಕಿದ ಮೇಲೆ ಟರ್ಬೊ ಬೇಗ ಏಳ್ತಿತ್ತು, ಆದರೆ ಪೂರ್ತಿ ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಗಾಳಿಯನ್ನ ಜೋರಾಗಿ ಒತ್ತಿ ತುಂಬುವಾಗ, ಇಂಜಿನ್ ಮುಗ್ಗರಿಸ್ತಿತ್ತು. ಕಂಡವರೆಲ್ಲ ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್ ಬದಲಾಯಿಸು ಅಂದರು. ನೀವು ಸಂದು ಅಳೆಯೋ ಫೀಲರ್ ಗೇಜ್ ತೂರಿಸಿ, ಪ್ಲಗ್‌ನ ತುದಿಯಲ್ಲಿ ಕಿಡಿ ಹಾರೋ 0.8 ಮಿ.ಮೀ. ಗ್ಯಾಪನ್ನು 0.6ಕ್ಕೆ ಇಳಿಸಿದಿರಿ. ಸಿಲಿಂಡರಿನೊಳಗೆ ಒತ್ತಡ ಏರಿದಷ್ಟೂ ಕಿಡಿ ಹಾರೋದು ಕಷ್ಟ, ಗ್ಯಾಪ್ ಕಮ್ಮಿಯಾದರೆ ಸುಲಭ, ವಿಷಯ ಅಷ್ಟೇ. ಟೈಮಿಂಗ್ (ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಅನ್ನೋದು) ಮಾತ್ರ ಮುಟ್ಟೋಕೆ ಬಿಡಲಿಲ್ಲ. "ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನೇ ಗೇರಲ್ಲಿ ಲಾಗ್ ತೆಗಿ, ನಾಕ್ ನೋಡು" ಅಂತ ಗದರಿದಿರಿ. ಲಾಗ್ ಅಂದರೆ ಓಡುವಾಗ ಇಂಜಿನ್ ಕಂಪ್ಯೂಟರಿನ ದಾಖಲೆ, ನಾಕ್ ಅಂದರೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋದು. (ಸ್ವಲ್ಪ ಜಾಸ್ತಿನೇ ಗದರಿದಿರಿ ಬಿಡಿ!)

ಲಾಗ್ ಈಗ ಕ್ಲೀನಾಗಿದೆ. ಮುಂದಿನ ಟ್ರ್ಯಾಕ್ ಡೇಗೆ ಬನ್ನಿ, ಊಟ ನನ್ನದು.