ಕುಳ್ಳನಿಗೊಂದು ಪತ್ರ: ನಿನ್ನ ಪಟ್ಟಿಯಲ್ಲಿ ಅಜ್ಜ ಎಲ್ಲೋ?

ಪ್ರೀತಿಯ ಕುಳ್ಳ,

ಇದನ್ನ ಊರಿಗೆಲ್ಲ ಕಾಣೋ ಹಾಗೆ ಹಾಕಿದ್ದಕ್ಕೆ ಬೈಯೋದಿದ್ರೆ ಈಗಲೇ ಬೈದುಬಿಡು. ವಾಟ್ಸಾಪಿನಲ್ಲಿ ಕಳಿಸಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಮಲಗಿಬಿಡ್ತಿದ್ದೆ, ನಾನು ನಿನ್ನನ್ನ ಕಾಣದೋನಾ? ಇಲ್ಲಿ ಆದ್ರೆ ನಾಲ್ಕು ಜನ ನೋಡ್ತಿರ್ತಾರೆ, ಉತ್ತರ ಕೊಡದೆ ವಿಧಿಯಿಲ್ಲ. ಕಾಯಿಹೋಳಿಗೆ ಪ್ರಕರಣ ಎತ್ತಲ್ಲ, ಹೆದರಬೇಡ. ನಿಮ್ಮತ್ತೆನೂ ಇಲ್ಲಿ ಓದ್ತಾರೆ ಅಂತ ಗೊತ್ತು.

ಸ್ಪೇನಿನ ಮಹಾ ಫುಟ್‌ಬಾಲ್ ಕೋಚ್‌ಗಳು ಅಂತ ನೀನು ಮಾಡಿದ ಪಟ್ಟಿ ನೋಡಿದೆ. ಗ್ವಾರ್ಡಿಯೋಲಾ, ಡೆಲ್ ಬಾಸ್ಕ್, ಲೂಯಿಸ್ ಎನ್ರಿಕೆ, ಸರಿ. ಕಂಠೀರವದಲ್ಲಿ ಕಣ್ಣಾರೆ ಕಂಡ ಋಣಕ್ಕೆ ನಮ್ಮ ಬೆಂಗಳೂರು ಎಫ್‌ಸಿಗೆ ಕೋಚಾಗಿದ್ದ ಆಲ್ಬರ್ಟ್ ರೋಕಾನನ್ನೂ ಕಾರ್ಲೆಸ್ ಕ್ವಾಡ್ರಾಟ್‌ನನ್ನೂ ಸೇರಿಸಿದ್ದೀಯ. ಬೆಂಗಳೂರಿಗೆ ಬಂದ 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ಪಿನ ಮುಖ ನೋಡಿ ಅದನ್ನೂ ನುಂಗಿಕೊಂಡೆ. ಆದ್ರೆ ಸ್ಪೇನಿಗೆ 2008ರ ಯೂರೋ ಕಪ್ ಗೆಲ್ಲಿಸಿದ ನಮ್ಮ ಅಜ್ಜ, ಲೂಯಿಸ್ ಅರಗೊನೆಸ್, ಎಲ್ಲೋ? ಆ ಫೈನಲ್ ಮುಗಿದ ಅಪರಾತ್ರಿಯಲ್ಲಿ, ಓನರ್ ಆಂಟಿ ಮೇಲಿಂದ ಬೈತಿದ್ರೂ ಲೆಕ್ಕಿಸದೆ ನನ್ನ ಹೆಗಲೇರಿ ಕುಣಿದವನು ನೀನೇ ತಾನೆ?

ಬೇಕಂತಲೇ ಬಿಟ್ಟಿದ್ದೀನಿ ಅಂದ್ರೆ ಕಾರಣ ಊಹಿಸಬಲ್ಲೆ. 2004ರಲ್ಲಿ ತರಬೇತಿ ಹೊತ್ತಿನಲ್ಲಿ ಅಜ್ಜ ತನ್ನ ಆಟಗಾರ ರೆಯೆಸ್‌ನನ್ನ ಹುರಿದುಂಬಿಸೋಕೆ ಹೋಗಿ, ಆರ್ಸೆನಲ್ ಕ್ಲಬ್ಬಿನಲ್ಲಿ ಅವನ ಜೊತೆಗಾರನಾಗಿದ್ದ ಫ್ರಾನ್ಸಿನ ಥಿಯರಿ ಹೆನ್ರಿಯ ಮೈಬಣ್ಣ ಹಿಡಿದು ಆಡಿದ ಹೊಲಸು ಮಾತು. ಟಿವಿ ಕ್ಯಾಮೆರಾಗೆ ಸಿಕ್ಕಿಬಿತ್ತು, ಫೆಡರೇಷನ್ 3,000 ಯೂರೋ ದಂಡ ಹಾಕಿ ಕೈತೊಳ್ಕೊಂಡ್ತು. ಹಳೇ ಕಾಲದೋನು, ಬಾಯಿ ಒರಟು ಅಂತ ಆಗ ವಕಾಲತ್ತು ಮಾಡೋರು ಬೇಕಾದಷ್ಟಿದ್ರು. ನಾನು ಮಾಡಲ್ಲ. ಅದಕ್ಕಾಗಿ ಬಿಟ್ಟಿದ್ರೆ ನನ್ನ ತಕರಾರೇ ಇಲ್ಲ. ಆದ್ರೆ ನೀನು ಬಿಟ್ಟಿರೋದು ಮರೆತು, ಅದು ನಂಗೆ ಗ್ಯಾರಂಟಿ.

ಅವನು ಫಾರ್ವರ್ಡ್ ಆಗಿ ಆಡಿದ್ದು ಈಗ ಯಾರಿಗೂ ನೆನಪಿಲ್ಲ. ಕನ್ನಡಕ, ಟ್ರ್ಯಾಕ್‌ಸೂಟು, ಸಿಡುಕು ಮೋರೆ, ಅಷ್ಟೇ ಎಲ್ಲರ ಕಣ್ಣಲ್ಲಿರೋದು. 1938ರಲ್ಲಿ ಮ್ಯಾಡ್ರಿಡ್ ಪಕ್ಕದ ಒರ್ತಲೇಸಾದಲ್ಲಿ ಹುಟ್ಟಿದ ಹುಡುಗನನ್ನ 1958ರಲ್ಲಿ ರಿಯಲ್ ಮ್ಯಾಡ್ರಿಡ್ ಕರ್ಕೊಂಡ್ತು. ಮುಖ್ಯ ತಂಡದಲ್ಲಿ ಒಂದು ಮ್ಯಾಚೂ ಆಡಿಸದೆ ಊರೂರಿಗೆ ಎರವಲು ಕೊಡ್ತು. ಒವಿಯೆದೊ, ಬೆಟಿಸ್ ಅಂತ ಸುತ್ತಿ 1964ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಬಂದ. ಕಾಲು ದೊಡ್ಡದು, ಅದಕ್ಕೇ ‘ಸಪಾತೋನೆಸ್’ ಅಂತ ಅಡ್ಡಹೆಸರು. ನಮ್ಮ ಹಾಸ್ಟೆಲಿನಲ್ಲಿದ್ದಿದ್ರೆ ‘ಬೂಟ’ ಅಂತಿದ್ವಿ. ಮೂರು ಲೀಗ್ ಗೆದ್ದ. ಆ ಕ್ಲಬ್ಬಿಗೆ ಅವನು ಹೊಡೆದ 173 ಗೋಲುಗಳ ದಾಖಲೆಯನ್ನ ಫ್ರಾನ್ಸಿನ ಗ್ರೀಜ್‌ಮನ್ ಬಂದು ದಾಟಿದ್ದು 2024ರಲ್ಲಿ!

ಈಗ 1974ರ ಮೇ 15ಕ್ಕೆ ಬಾ. ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣ, ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್, ಅಟ್ಲೆಟಿಕೊ ಎದುರಿಗೆ ಜರ್ಮನಿಯ ಬಯರ್ನ್ ಮ್ಯೂನಿಕ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ, 114ನೇ ನಿಮಿಷಕ್ಕೆ, ಬಾಕ್ಸಿನ ಹೊರಗೆ ಒಂದು ಫ್ರೀಕಿಕ್. ಮೂವತ್ತೈದರ ಲೂಯಿಸ್ ಅದನ್ನ ಅಡ್ಡ ನಿಂತ ಆಟಗಾರರ ಗೋಡೆ ದಾಟಿಸಿ ಎಂಥ ಚೆಂದಕ್ಕೆ ಬಾಗಿಸಿದ ಅಂದ್ರೆ ಸೆಪ್ ಮೈಯರ್‌ನಂಥ ಗೋಲ್‌ಕೀಪರ್ ನಿಂತಲ್ಲೇ ನಿಂತ. ಇನ್ನು ಆರೇ ನಿಮಿಷ. ಕಪ್ಪು ಮ್ಯಾಡ್ರಿಡ್ಡಿಗೆ ಹೊರಟೇಬಿಟ್ಟಿತ್ತು. ಆಗ ಬಯರ್ನ್‌ನ ಶ್ವಾರ್ಟ್ಸೆನ್‌ಬೆಕ್ ಅನ್ನೋ ಡಿಫೆಂಡರ್, ಗೋಲು ಹೊಡೆಯೋದು ಅವನ ಕೆಲಸವೇ ಅಲ್ಲ, ಬೇರೆ ದಾರಿ ಕಾಣದೆ ದೂರದಿಂದ ಬೀಸಿ ಒದ್ದ. 120ನೇ ನಿಮಿಷ, 1-1. ಎರಡು ದಿನ ಬಿಟ್ಟು ಮತ್ತೆ ಆಡಿಸಿದ್ರು, ಬಯರ್ನ್ 4-0. ಆ ಗೋಲುಗಳನ್ನೆಲ್ಲ ಬಿಟ್ಟುಕೊಟ್ಟವನು ಅಟ್ಲೆಟಿಕೊ ಗೋಲ್‌ಕೀಪರ್ ಮಿಗೆಲ್ ರೇನಾ. ಅವನ ಮಗ ಪೆಪೆ ರೇನಾ 2008ರ ಸ್ಪೇನ್ ತಂಡದಲ್ಲಿದ್ದ. (ಹೂಂ, ನಮ್ಮ ಕ್ರಿಕೆಟ್ಟಿನ ಸುರೇಶನಿಗೂ ಅವರಿಗೂ ಸಂಬಂಧ ಇಲ್ಲ. ಈ ಜೋಕು ನಿಂದೇ, ವಾಪಸ್ ಇಟ್ಕೋ.)

ಅದೇ ವರ್ಷ ನವೆಂಬರಿನಲ್ಲಿ ಕ್ಲಬ್ಬು ಕೋಚನ್ನ ಮನೆಗೆ ಕಳಿಸಿ ಆ ಕುರ್ಚಿಗೆ ಲೂಯಿಸ್‌ನ ಕೂರಿಸ್ತು. ಬೂಟು ಬಿಚ್ಚಿದ್ದೂ ಸೀಟಿ ಕಚ್ಚಿದ್ದೂ ಒಟ್ಟೊಟ್ಟಿಗೆ. ಹಳೇ ಜೊತೆಗಾರರ ಎದುರು ನಿಂತು ಅವನು ಹೇಳಿದ ಮೊದಲ ಮಾತು, ಇನ್ಮೇಲೆ ನನ್ನನ್ನ ಬಹುವಚನದಲ್ಲಿ ಮಾತಾಡಿಸಿ ಅಂತ. ಹಾಗಂತ ಅಲ್ಲಿನೋರು ಇವತ್ತಿಗೂ ಕತೆ ಹೇಳ್ತಾರೆ. ಮೊನ್ನೆವರೆಗೆ ಬೆನ್ನಿಗೆ ಗುದ್ದಿ ‘ಏನೋ’ ಅಂದೋರು ಇವತ್ತು ‘ನೀವು’ ಅನ್ನಬೇಕು. ಅಂದ್ರು. ಗೆದ್ರು ಕೂಡ. ಬಯರ್ನ್ ಆಡಲ್ಲ ಅಂದಿದ್ದಕ್ಕೆ, ಯುರೋಪಿನ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳು ಆಡ್ತಿದ್ದ ಇಂಟರ್‌ಕಾಂಟಿನೆಂಟಲ್ ಕಪ್ಪಿನ ಅವಕಾಶ ಇವರಿಗೆ ಬಂತು. 1975ರ ಏಪ್ರಿಲಿನಲ್ಲಿ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆಯನ್ನ ಮಣಿಸಿ, ಹೈಸೆಲ್‌ನಲ್ಲಿ ಸೋತ ಅದೇ ಹುಡುಗರು ಜಗತ್ತನ್ನೇ ಗೆದ್ದ ಕ್ಲಬ್ಬಾದ್ರು. ಎರಡು ವರ್ಷಕ್ಕೆ ಲೀಗೂ ಬಂತು.

ಈ ಬಹುವಚನದ ಕತೆ ನಿಂಗೆ ಎಷ್ಟು ಸಲ ನಕ್ಕೊಂಡು ಹೇಳಿದ್ದೀನೋ. ಈಚೆಗೆ ನಗು ಬರ್ತಿಲ್ಲ ಕಣೋ.

ಏಪ್ರಿಲಿನಿಂದ ನಾನೂ ನಮ್ಮದೇ ಟೀಮಿಗೆ ಮ್ಯಾನೇಜರ್ ಅಂತ ನಿಂಗೆ ಗೊತ್ತು, ಪೇಡ ತಿಂದಿದ್ದೀಯ. ಹೇಳದೆ ಇದ್ದಿದ್ದು ಮಿಕ್ಕಿದ್ದು. ನಾನು ಟೀ ಹಿಡ್ಕೊಂಡು ಹೋದ್ರೆ ಮಾತು ಕ್ರಿಕೆಟ್ ಸ್ಕೋರಿಗೆ ಹೊರಳತ್ತೆ. ನನ್ನನ್ನ ಬಿಟ್ಟು ಹೊಸ ಗ್ರೂಪು ಮಾಡ್ಕೊಂಡಿದ್ದಾರೆ. ಸರಿಯೇ, ಹಿಂದಿನ ಮ್ಯಾನೇಜರಿಗೆ ನಾವೂ ಅದನ್ನೇ ಮಾಡಿದ್ವಿ, ಆ ಗ್ರೂಪಿಗೆ ಹೆಸರಿಟ್ಟವನೇ ನಾನು. ಅದರಿಂದ ಬೇಜಾರಾಗಿದೆ ಅಂತ ಬರೆದ್ರೆ ಓದೋರಿಗೂ ಚೆನ್ನಾಗಿರತ್ತೆ, ನಾಲ್ಕು ಜನ ಅಯ್ಯೋ ಪಾಪ ಅಂತಾರೆ. ನಿಜ ಅದಲ್ಲ. ಅಪ್ರೈಸಲ್ ದಿನ, ಒಂದೇ ಬ್ಯಾಚಲ್ಲಿ ಸೇರಿದ ಗೆಳೆಯ ಎದುರು ಕೂತು, ತಲೆ ಎತ್ತದೆ, “ನೀವು ಹೇಗೆ ಹೇಳ್ತೀರೋ ಹಾಗೆ” ಅಂದ. ‘ನೀವು’ ಅಂದ. ನಂಗೆ ಸಂಕಟ ಆಗಬೇಕಿತ್ತು. ಹಿತವಾಯ್ತು. ಬೆನ್ನು ತಾನಾಗೇ ನೆಟ್ಟಗಾಯ್ತು.

ಲೂಯಿಸ್ ಆ ಮರ್ಯಾದೆಯನ್ನ ಬಾಯಿಬಿಟ್ಟು ಕೇಳಿದ. ನಾನು ಕೇಳಲಿಲ್ಲ, ಬರಲಿ ಅಂತ ಸುಮ್ನೆ ಕಾದೆ. ಇಬ್ಬರಲ್ಲಿ ಅವನೇ ವಾಸಿ ಅನ್ಸತ್ತೆ.

ಹೇಳಿದ್ದು ಹೇಳಿಯಾಯ್ತು, ಇನ್ನೊಂದೂ ಹೇಳಿಬಿಡ್ತೀನಿ. ನೀನು ಕಳಿಸಿದ್ದ ರೆಸ್ಯೂಮೆ ಎಚ್‌ಆರ್‌ಗೆ ಇನ್ನೂ ಕೊಟ್ಟಿಲ್ಲ. ‘ಓಪನಿಂಗ್ ಸದ್ಯಕ್ಕಿಲ್ಲವಂತೆ’ ಅಂದಿದ್ದೆನಲ್ಲ, ಓಪನಿಂಗ್ ಇತ್ತು. ನೀನು ಬಂದು ಎಲ್ಲರೆದುರು ‘ಲೋ’ ಅಂದುಬಿಟ್ರೆ ಅಂತ ಅಂದ್ಕೊಂಡೆ. ಆಮೇಲೆ, ನೀನೂ ಒಂದಿನ ತಲೆ ಬಗ್ಗಿಸಿ ‘ನೀವು’ ಅಂದು, ಅದೂ ನಂಗೆ ಹಿತವಾಗಿಬಿಟ್ರೆ ಅಂತ.

ಈ ಪ್ಯಾರಾ ಅಳಿಸೋಣ ಅಂತಿದ್ದೆ. ಇರಲಿ ಬಿಡು, ಅತ್ತೆಯೋರು ಇಷ್ಟು ಉದ್ದ ಓದಲ್ಲ.

ಬಾ, 2008ಕ್ಕೆ ಹೋಗೋಣ, ಅಲ್ಲಿ ಸುಖವಾಗಿದೆ. ಅದಕ್ಕೂ ಎರಡು ವರ್ಷದ ಹಿಂದೆ ಉತ್ತರ ಐರ್ಲೆಂಡ್ ಎದುರು 3-2 ಸೋತ ಮೇಲೆ ಸ್ಪೇನ್ ಕ್ಯಾಪ್ಟನ್ ರೌಲ್‌ನಂಥ ರೌಲ್‌ನ ಕೈಬಿಟ್ಟು, ಇಡೀ ದೇಶದ ಕೈಲಿ ಉಗಿಸಿಕೊಂಡಿದ್ದ ಅಜ್ಜ, ಶಾವಿ, ಇನಿಯೆಸ್ತಾ, ಸಿಲ್ವಾ ಅಂತ ನಿನ್ನ ಜಾತಿಯೋರನ್ನೇ ಆರಿಸಿ ತಂಡ ಕಟ್ಟಿದ. ಕುಳ್ಳರ ಪಡೆ. ಕ್ವಾರ್ಟರ್ ಫೈನಲ್ ಇಟಲಿ ಜೊತೆ, ಜೂನ್ 22ಕ್ಕೆ. 1986, 1996, 2002, ಮೂರು ಸಲವೂ ಅದೇ ತಾರೀಖಿಗೆ ಸ್ಪೇನ್ ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಗಿತ್ತು. ಈ ಸಲವೂ ಪೆನಾಲ್ಟಿಯೇ. ಗೋಲ್‌ಕೀಪರ್ ಕಸಿಯಾಸ್ ಎರಡು ಹಿಡಿದ, ಫಾಬ್ರೆಗಾಸ್ ಕೊನೇದು ಹೊಡೆದ, ಮುಗೀತು. ಫೈನಲ್ಲಿಗೆ ಮುಂಚೆ ಹುಡುಗರಿಗೆ ಪಾಠ ಹೇಳ್ತಾ ಅಜ್ಜ ಜರ್ಮನಿಯ ಕ್ಯಾಪ್ಟನ್ ಬಲ್ಲಾಕ್‌ನನ್ನ ‘ವಾಲೇಸ್’ ‘ವಾಲೇಸ್’ ಅಂತಲೇ ಕರೆದನಂತೆ. ತಿದ್ದಿದ್ರೂ ಮತ್ತೆ ವಾಲೇಸ್. ಹುಡುಗರು ನಕ್ಕೂ ನಕ್ಕೂ ಭಯ ಮರೆತ್ರು, 33ನೇ ನಿಮಿಷಕ್ಕೆ ಟೊರೆಸ್ ಕೆಲಸ ಮುಗಿಸಿದ. ಅರವತ್ತೊಂಬತ್ತು ವಯಸ್ಸು ಅಜ್ಜನಿಗೆ.

ರೆಸ್ಯೂಮೆ ನಾಳೆ ಬೆಳಿಗ್ಗೆಯೇ ಕಳಿಸ್ತೀನಿ, ಆಣೆ. ಆದ್ರೆ ಅದರಲ್ಲಿರೋ ಫೋಟೋ ಬದಲಾಯಿಸು ಮಾರಾಯ. ಅಜ್ಜನಿಗೆ ಹಳದಿ ಕಂಡ್ರೆ ಆಗ್ತಿರಲಿಲ್ಲ, ಅಪಶಕುನ. ರಷ್ಯಾ ಎದುರಿನ ಸೆಮಿಫೈನಲ್ಲಿಗೆ ಹಳದಿ ಜೆರ್ಸಿಯೇ ಗತಿ ಅಂದಾಗ, ಇದು ಹಳದಿ ಅಲ್ಲ, ಸಾಸಿವೆ ಬಣ್ಣ ಅಂತ ವಾದ ಮಾಡಿ ಹಾಕಿಸಿದ್ದ. ನಿನ್ನ ಫೋಟೋದಲ್ಲಿರೋ ಶರ್ಟನ್ನ ಸಾಸಿವೆ ಅಂತ ಎಚ್‌ಆರ್‌ಗೆ ನಂಬಿಸೋ ತಾಕತ್ತು ನಂಗಿಲ್ಲ.

ಇಂತಿ ನಿನ್ನ,
ವಾಲೇಸ್