ಆಯ್ಕೆಯಾದ ಮೇಲೆ ಮನಸ್ಸು ಬದಲಿಸಬಹುದೇ?

ಮಾನ್ಯರೇ,

ಸಾರ್ವಜನಿಕ ಕಲೆಯ ವಿಷಯ ಬಂದಾಗ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕಲಾ ಆಯೋಗವನ್ನು ಮಾದರಿಯೆಂದು ತೋರಿಸುವವರು ಅದು ಎಡವಿದ ಪ್ರಸಂಗವನ್ನೂ ಗಮನಿಸಬೇಕು. ಆಯೋಗ 1932ರಷ್ಟು ಹಳೆಯದು. 1969ರಿಂದ ಸಾರ್ವಜನಿಕ ಕಟ್ಟಡಗಳ ನಿರ್ಮಾಣ ವೆಚ್ಚದಲ್ಲಿ ಶೇ 2ರಷ್ಟನ್ನು ಕಲೆಗೆ ಮೀಸಲಿಡುವ ನಿಯಮವೂ ಅಲ್ಲಿದೆ. ಕಲಾವಿದರಿಗೆ ಬಹಿರಂಗ ಆಹ್ವಾನ, ಪರಿಣತರ ಸಮಿತಿಯಿಂದ ಆಯ್ಕೆ, ಬಳಿಕ ಜನರೆದುರಿನ ಸಭೆಯಲ್ಲಿ ಅನುಮೋದನೆ: ಕ್ರಮವೇನೋ ಅಚ್ಚುಕಟ್ಟಾಗಿದೆ.

ಆದರೆ ಲೇಖಕಿ ಮಾಯಾ ಏಂಜೆಲೊ ಅವರ ಸ್ಮಾರಕಕ್ಕೆ ಲಾವಾ ಥಾಮಸ್ ಅವರ ವಿನ್ಯಾಸವನ್ನು ಸಮಿತಿ ಆರಿಸಿದ ಮೇಲೆ, ಪುರುಷರಿಗೆ ಇರುವಂಥ ಸಾಂಪ್ರದಾಯಿಕ ಪ್ರತಿಮೆಯೇ ಬೇಕೆಂಬ ಜನಪ್ರತಿನಿಧಿಯೊಬ್ಬರ ಆಕ್ಷೇಪಕ್ಕೆ ಮಣಿದ ಆಯೋಗ, 2019ರಲ್ಲಿ ಇಡೀ ಪ್ರಕ್ರಿಯೆಯನ್ನೇ ರದ್ದುಪಡಿಸಿತು. ಪ್ರತಿಭಟನೆಯ ನಂತರ 2020ರಲ್ಲಿ ಕಲಾವಿದೆಯ ಕ್ಷಮೆ ಕೇಳಿ ಕೆಲಸವನ್ನು ಅವರಿಗೇ ಒಪ್ಪಿಸಿತು. ಪುಸ್ತಕದ ಆಕಾರದ, ಮುಖಪುಟದಲ್ಲಿ ಏಂಜೆಲೊ ಅವರ ಮುಖವುಳ್ಳ ಆ 9 ಅಡಿಯ ಕಂಚಿನ ಶಿಲ್ಪ ಕೇಂದ್ರ ಗ್ರಂಥಾಲಯದ ಹೊರಗೆ ಅನಾವರಣಗೊಂಡದ್ದು 2024ರಲ್ಲಿ.

ಆಕ್ಷೇಪಿಸುವ ಹಕ್ಕು ಜನಪ್ರತಿನಿಧಿಗೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಾನವಾಕೃತಿಯೇ ಬೇಕಿದ್ದರೆ ಆಹ್ವಾನ ಪತ್ರದಲ್ಲೇ ಅದನ್ನು ಅನುಮಾನಕ್ಕೆಡೆಯಿಲ್ಲದಂತೆ ನಮೂದಿಸಬೇಕಿತ್ತು. ತಿಂಗಳುಗಟ್ಟಲೆ ದುಡಿದ ಕಲಾವಿದೆಗೆ ಕೊನೆಯಲ್ಲಿ ಹೇಳುವ ಮಾತು ಅದಲ್ಲ. ಅಲ್ಲಿ ಸಭೆಗಳು ಬಹಿರಂಗವಾಗಿದ್ದುದರಿಂದಲೇ ತಪ್ಪು ಬೆಳಕಿಗೆ ಬಂತು. ನಮ್ಮಲ್ಲಿ ಬಹುಪಾಲು ಪ್ರತಿಮೆಗಳ ರೂಪವೇ ಜನರಿಗೆ ತಿಳಿಯುವುದು ಪರದೆ ಸರಿದ ದಿನ. ಪರಿಗಣಿಸಿದ ವಿನ್ಯಾಸಗಳನ್ನೂ ಆಯ್ಕೆಯ ಕಾರಣಗಳನ್ನೂ ನಮ್ಮ ಪಾಲಿಕೆಗಳು ಕಾರ್ಯಾದೇಶಕ್ಕೆ ಮುನ್ನವೇ ಪ್ರಕಟಿಸಲಿ.

– ಓದುಗ, ಬೆಂಗಳೂರು