ಹಳೇ ಮೇಜು ಉಳಿಸಿಕೊಟ್ಟವರಿಗೆ

ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹಲಗೆಯ ತಳದಲ್ಲಿ ಕಣ್ಣಿಗೆ ಬೀಳದ ಮೂಲೆಗೆ ಒತ್ತಿ ಹಿಡಿದಿರಿ. ತುಸು ಹೊತ್ತಿಗೇ ಹಳೇ ಪದರ ಮೆತ್ತಗಾಗಿ ಬೆರಳಿಗೆ ಅಂಟಿತು. "ಇದು ಅರಗಿನ ಪಾಲಿಶ್, ಸ್ಪಿರಿಟ್‌ಗೇ ಬಿಡುತ್ತೆ. ಸುಮ್ಮನೆ ಉಜ್ಜಿ ಮರ ಸವೆಸಬೇಡಿ" ಅಂದಿರಿ. ಆ ಒಂದು ಮಾತಿನಿಂದ ಮರಕ್ಕೆ ವರ್ಷಗಟ್ಟಲೆ ಕೂತು ಬಂದಿದ್ದ ಬಣ್ಣ ಹಾಗೇ ಉಳಿಯಿತು. ನನಗೆ ಅದೇ ದೊಡ್ಡದು.

ಉಳಿದ ಗೀರುಗಳಿಗೆ 180, ಆಮೇಲೆ ಇನ್ನೂ ನಯವಾದ 220 ನಂಬರಿನ ಉಜ್ಜುಕಾಗದ, ಅದೂ ಮರದ ಎಳೆ ಹೋದ ದಿಕ್ಕಿನಲ್ಲೇ. ಅಡ್ಡ ಉಜ್ಜಿದರೆ ಪಾಲಿಶ್ ಬಿದ್ದ ಮೇಲೆ ಗೆರೆ ಎದ್ದು ಕಾಣುತ್ತದೆ ಎಂದು ನನ್ನ ಕೈ ಹಿಡಿದೇ ತೋರಿಸಿದಿರಿ. ಬಿಸಿ ಲೋಟದ ಬಿಳಿ ಉಂಗುರಗಳೂ ಹಳೇ ಪಾಲಿಶ್ ಜೊತೆಗೇ ಹೋದವು. ಮನಸಾರೆ ಧನ್ಯವಾದ. ಎಲ್ಲಿದ್ದರೂ ಚೆನ್ನಾಗಿರಿ.